ಹಸಿರು ದೀಪದ ಹನ್ನೊಂದು ದಿನ

ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ ನೀಲಾಂಬಿಕಾ ಇನ್ನೇನು ಅದನ್ನು ಮಗುಚಬೇಕು, ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದ ಮಗಳು, “ಅವ್ವಾ, ಒಂದು ಕೇಳಲೇನ?” ಅಂದಳು.

“ಇನ್ನ ನಾಕು ರೊಟ್ಟಿ ಅದಾವ, ತಡಿ. ಗುಳಿಗಿ ತಗೊಂಡೀಯಿಲ್ಲೋ?”

“ತಗೊಂಡೀನಿ.”

ನೀಲಾ ಹೊರಳಿ ಮಗಳ ಬಲಗಿವಿಯ ಹಿಂದೆ ನೋಡಿದಳು. ತಲೆಗೆ ಸುತ್ತಿದ ಖಣದ ಬಟ್ಟೆಯ ಪಟ್ಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ದೀಪ ಹಸಿರಾಗಿ ಉರಿಯುತ್ತಿತ್ತು. ಹಸಿರು ಇದ್ದರೆ ಎಲ್ಲ ಸರಿ. ಅವಳು ಮತ್ತೆ ಹಂಚಿನ ಕಡೆ ತಿರುಗಿದಳು.

ಹಿಂದಿನಿಂದ ಧಡ್ ಅಂತ ಸದ್ದಾಯಿತು.

ಶ್ರಾವಣಿ ಹೊಸ್ತಿಲಿಗೆ ಅಡ್ಡ ಬಿದ್ದಿದ್ದಳು. ಕಣ್ಣಾಲಿ ಮೇಲೆ ಸಿಕ್ಕಿಕೊಂಡಿತ್ತು. ಎಂಟು ವರ್ಷದ ಸಣ್ಣ ಮೈ ಒಂದೇ ಸಮನೆ ಅದುರುತ್ತಿತ್ತು. ಹುಬ್ಬಿನ ಹತ್ತಿರ ಒಡೆದು ರಕ್ತ ಪಟ್ಟಿಯ ಕಡೆ ಇಳಿಯುತ್ತಿತ್ತು. ನೀಲಾ ಹಿಟ್ಟಿನ ಕೈಯಲ್ಲೇ ಅವಳನ್ನು ಮಗ್ಗುಲಿಗೆ ಹೊರಳಿಸಿ, ಸೆರಗನ್ನು ಮಡಚಿ ತಲೆಯಡಿ ಇಟ್ಟು, ಗೋಡೆಯ ಗಡಿಯಾರ ನೋಡಿದಳು.

ಹಿತ್ತಲಲ್ಲಿದ್ದ ಅತ್ತೆ ಚನ್ನಬಸವ್ವ ಸೊಂಟದ ಕೀಲಿಗೊಂಚಲು ಬಿಚ್ಚುತ್ತಲೇ ಓಡಿ ಬಂದರು. “ಕೈಯಾಗ ಕಬ್ಬಿಣ ಕೊಡ ನೀಲವ್ವ, ಬಿಟ್ಟು ಹೋಗ್ತೈತಿ!”

“ಬ್ಯಾಡ ಅತ್ತಿ. ಏನೂ ಹಿಡಿಸಬ್ಯಾಡ್ರಿ ಅಂತ ಡಾಕ್ಟರು ಹೇಳ್ಯಾರ.”

“ಅವರಿಗೇನ ಗೊತ್ತು...” ಅನ್ನುತ್ತ ಮುದುಕಿ ಅಲ್ಲೇ ಕುಸಿದು ಕೂತರು. ಕೀಲಿಗಳು ಅವರ ಮುಷ್ಟಿಯಲ್ಲೇ ಉಳಿದವು.

ಒಂದು ನಿಮಿಷ ನಲವತ್ತು ಸೆಕೆಂಡು. ಅದುರುವುದು ನಿಂತು, ಉಸಿರು ಭಾರವಾಗಿ, ಮಗು ನಿದ್ದೆಗೆ ಜಾರಿತು. ಹಂಚಿನ ಮೇಲಿನ ರೊಟ್ಟಿ ಕರಿಕಾಗಿ ಮನೆತುಂಬ ಹೊಗೆ. ಆ ಹೊಗೆಯಲ್ಲಿ ಕೂಡ ಕಿವಿಯ ಹಿಂದಿನ ದೀಪ ಹಸಿರಾಗಿಯೇ ಇತ್ತು. ನೀಲಾ ಬಗ್ಗಿ ಅದನ್ನು ಬೆರಳಿನಿಂದ ತಟ್ಟಿ ನೋಡಿದಳು.

ಅದರ ಹೆಸರು ‘ಸುಳಿವು’. ಉಗುರಿನಷ್ಟು ಅಗಲದ ಒಂದು ಗಾಜಿನ ಚೂರು, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಪದರ, ಹಿಂದೆ ಒಂದು ಪುಟ್ಟ ಬ್ಯಾಟರಿ. ಫಿಟ್ಸ್ ಬರುವ ಮೂರು ನಿಮಿಷ ಮೊದಲು ದೀಪ ಹಳದಿಯಾಗಿ ಮಿನುಗುತ್ತದೆ, ಜೀರುಂಡೆಯ ಹಾಗೆ ಸದ್ದು ಮಾಡುತ್ತದೆ. ಮೂರೇ ನಿಮಿಷ. ಆದರೆ ಸೈಕಲ್ಲಿನಿಂದ ಇಳಿದು ನೆಲದ ಮೇಲೆ ಕೂರುವುದಕ್ಕೆ, ಮೆಟ್ಟಿಲ ಮೇಲಿದ್ದರೆ ಕೆಳಗೆ ಬರುವುದಕ್ಕೆ, ಟೀಚರಿಗೆ ಕೈಯೆತ್ತಿ ತೋರಿಸುವುದಕ್ಕೆ ಅಷ್ಟು ಸಾಕು. ಎಂಟು ತಿಂಗಳ ಹಿಂದೆ ಅದು ಕಿವಿಗೆ ಬಂದ ಮೇಲೇ ಶ್ರಾವಣಿ ಒಬ್ಬಳೇ ಓಣಿಗೆ ಹೋಗಲು, ಗೆಳತಿಯರ ಜೊತೆ ಕುಂಟಾಟ ಆಡಲು ಶುರು ಮಾಡಿದ್ದು. ಅದಕ್ಕೂ ಮೊದಲು ಅವಳ ಲೋಕವೆಂದರೆ ಅವ್ವನ ಕಣ್ಣು ಹಾಯುವಷ್ಟು ದೂರ.

ಅದು ಬಂದ ಮೇಲೆ ಮನೆಯವರೆಲ್ಲ ಒಂದು ಹೊಸ ಚಾಳಿ ಕಲಿತರು. ಮಗು ಮಾತಾಡಿಸಿದರೆ ಮೊದಲು ಕಿವಿಯ ಹಿಂದೆ ನೋಡುವುದು, ಆಮೇಲೆ ಮುಖ. ರೈಲಿನ ಗಾರ್ಡ್ ಆಗಿರುವ ಅಪ್ಪ ಮಲ್ಲಿಕಾರ್ಜುನ ದೂರದ ಯಾವುದೋ ಸ್ಟೇಷನ್ನಿನಿಂದ ಫೋನು ಮಾಡಿದರೂ ಮೊದಲ ಮಾತು, “ಹಸಿರು ಐತೇನು?” ಅಂತಲೇ. ಹಿಂದಿನ ಸಂಜೆಯಷ್ಟೇ ನೀಲಾ ಅವನಿಗೆ, “ಹನ್ನೊಂದು ದಿನ ಆತು ನೋಡ್ರಿ, ಒಮ್ಮೆನೂ ಹಳದಿ ಆಗಿಲ್ಲ. ಹೊಸಾ ಗುಳಿಗಿ ಹತ್ತೇತಿ ಕಾಣಸ್ತೈತಿ,” ಅಂದಿದ್ದಳು. ಹೇಳುತ್ತ ಸಂತೋಷಕ್ಕೆ ನಕ್ಕಿದ್ದಳು.

ಒಂದು ತಾಸಿನ ಮೇಲೆ ಶ್ರಾವಣಿ ಕಣ್ಣು ಬಿಟ್ಟಳು. ಹುಬ್ಬಿನ ಮೇಲಿನ ಪ್ಲಾಸ್ಟರ್ ಮುಟ್ಟಿ ನೋಡಿಕೊಂಡಳು.

“ಬಂದಿತ್ತೇನು?”

“ಹೂಂ.”

“ಅದು ಹೇಳಲೇ ಇಲ್ಲಲ್ಲ.” ಚಾವಣಿ ನೋಡುತ್ತ ಮಲಗಿದ್ದವಳು, “ಅವ್ವಾ, ನಾ ಆಗ...” ಅಂದಳು.

ಚನ್ನಬಸವ್ವ ಬಾಯಿಗೆ ಬೆರಳಿಟ್ಟರು. “ಸುಮ್ಮ ಮಲಕೋ ನನ್ನ ಬಂಗಾರಾ. ಹೋದದ್ದನ್ನ ಹೊಳ್ಳಿ ನೆನಸಬಾರದು, ಹೆಸರು ಹಿಡದು ಕರದಂಗ ಆಗ್ತೈತಿ.”

ಅದು ಆ ಮನೆಯ ಕಟ್ಟಳೆ. ಬಂದು ಹೋದದ್ದರ ಮಾತು ಎತ್ತುವ ಹಾಗಿಲ್ಲ. ಮಗು ಬಾಯಿ ಮುಚ್ಚಿಕೊಂಡಳು. ನೀಲಾ ಸುಳಿವನ್ನು ಪಟ್ಟಿಯ ಕಿಸೆಯಿಂದ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಲ್ಯಾಬಿಗೆ ಓಡಿದಳು.

ಧಾರವಾಡದ ಅಂಚಿನ ಗುಡ್ಡದ ಮೇಲಿದ್ದ ಆ ಲ್ಯಾಬಿನಲ್ಲಿ ನೀಲಾ ಹದಿನಾಲ್ಕು ವರ್ಷಗಳಿಂದ ತೆಳುಪದರ ಮಾಡುವ ಕೆಲಸದಲ್ಲಿದ್ದಳು. ಗಾಳಿಯನ್ನೆಲ್ಲ ಹೀರಿ ತೆಗೆದ ಮುಚ್ಚಿದ ಉಕ್ಕಿನ ಪಾತ್ರೆಯೊಳಗೆ ಲೋಹದ ಚೂರನ್ನು ಕಾಯಿಸಿದರೆ ಅದು ಆವಿಯಾಗಿ ಎದುರಿನ ಗಾಜಿನ ಮೇಲೆ ಕೂರುತ್ತದೆ, ಸಾರು ಕುದಿಯುವಾಗ ಮುಚ್ಚಳದ ಮೇಲೆ ಹನಿ ಕೂರುವ ಹಾಗೆ. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಕೈಚಳಕ. ಬೇರೆಯವರ ಪದರ ಕನ್ನಡಿಯಂತೆ ನುಣುಪಾಗಿ ಬರುತ್ತಿತ್ತು. ನೀಲಾಳದ್ದು ಒಳಗೊಳಗೇ ಒರಟು, ಅಣುಗಳೆಲ್ಲ ಅಡ್ಡಾದಿಡ್ಡಿ. ಸುಳಿವಿಗೆ ಬೇಕಾದದ್ದೂ ಅದೇ. “ಗಲೀಜು ಮಾಡೋದನ್ನ ನಿನ್ನ ಹತ್ರ ಕಲೀಬೇಕು ನೋಡು,” ಅಂತ ಲ್ಯಾಬಿನ ಮುಖ್ಯಸ್ಥೆ ಪ್ರೊಫೆಸರ್ ಇನಾಮದಾರ ಅವಳನ್ನು ಕಾಡುವುದಿತ್ತು.

ಆ ಗಲೀಜಿನ ಗುಟ್ಟು ಇಷ್ಟು. ನುಣುಪಾದ ಲೋಹದಲ್ಲಿ ಎಲೆಕ್ಟ್ರಾನುಗಳು ಸರಾಗವಾಗಿ ಹರಿಯುತ್ತವೆ. ಅಡ್ಡಾದಿಡ್ಡಿ ಪದರದಲ್ಲಿ ಹಾಗಾಗುವುದಿಲ್ಲ. ಇಲ್ಲಿ ಡಿಕ್ಕಿ, ಅಲ್ಲಿ ಡಿಕ್ಕಿ, ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಮರಳಿ ಬರುತ್ತವೆ. ಎಲೆಕ್ಟ್ರಾನು ಒಂದು ಅಲೆಯೂ ಹೌದಾದ್ದರಿಂದ, ಬಲಕ್ಕೆ ಸುತ್ತಿದ್ದು ಎಡಕ್ಕೆ ಸುತ್ತಿದ್ದು ಎರಡೂ ಅಲ್ಲೇ ಕೂಡಿ ಅದನ್ನು ಅಲ್ಲಿಯೇ ಕಟ್ಟಿಹಾಕುತ್ತವೆ. ಹೀಗೆ ಸಿಕ್ಕಿಬಿದ್ದವನ್ನು ಬಿಡಿಸುವುದು ಕಾಂತದ ಅಲೆಗಳು. ಆ ಲೋಹದ ಒಂದೊಂದು ಅಣುವೂ ಒಂದು ಪುಟ್ಟ ಅಯಸ್ಕಾಂತ. ಒಂದು ತಲೆ ವಾಲಿಸಿದರೆ ಪಕ್ಕದ್ದೂ ವಾಲುತ್ತದೆ, ಅದರ ಪಕ್ಕದ್ದೂ. ಜೋಳದ ಹೊಲದ ಮೇಲೆ ಗಾಳಿ ಹಾದಂತೆ ಪದರದುದ್ದಕ್ಕೂ ಅಲೆ ಹಾಯುತ್ತದೆ, ಹಾಯುವಾಗ ಸಿಕ್ಕಿಬಿದ್ದ ಎಲೆಕ್ಟ್ರಾನುಗಳನ್ನು ನೂಕಿ ಮುಂದೆ ಕಳಿಸುತ್ತದೆ. ವಿದ್ಯುತ್ತು ಒಂಚೂರು ಸಲೀಸಾಗಿ ಹರಿಯುತ್ತದೆ. ಫಿಟ್ಸ್‌ಗೆ ಮುಂಚೆ ಮೆದುಳಿನಲ್ಲಿ ಏಳುವ ಅತಿ ಸಣ್ಣ ಕಾಂತದ ಕಂಪನವೂ ಈ ಅಲೆಗಳನ್ನು ಕೆದಕುತ್ತದೆ ಅನ್ನುವುದನ್ನು ಇನಾಮದಾರ ಮೇಡಂ ಕಂಡುಹಿಡಿದಿದ್ದರು. ಪದರದಲ್ಲಿ ಹರಿಯುವ ವಿದ್ಯುತ್ತಿನ ಏರಿಳಿತ ನೋಡಿಯೇ ಸುಳಿವು ಎಚ್ಚರಿಸುತ್ತಿತ್ತು.

ಮೇಡಂ ಸುಳಿವಿನ ನೆನಪಿನಲ್ಲಿದ್ದದ್ದನ್ನೆಲ್ಲ ಪರದೆಗೆ ತಂದರು. ಎಂಟು ತಿಂಗಳ ಗೆರೆ, ನದಿಯ ನೀರಿನ ಹಾಗೆ ತುಳುಕುತ್ತ, ಏರುತ್ತ, ಇಳಿಯುತ್ತ ಬಂದು, ಹನ್ನೊಂದು ದಿನದ ಹಿಂದೆ ಒಂದು ಕಡೆ ಚಪ್ಪಟೆಯಾಗಿತ್ತು. ಅಲ್ಲಿಂದ ಮುಂದೆ ಅಳತೆಪಟ್ಟಿ ಹಿಡಿದು ಎಳೆದಂತಿತ್ತು. ಈ ಬೆಳಗಿನ ಫಿಟ್ಸ್‌ನ ಹೊತ್ತಿನಲ್ಲೂ.

“ಇದನ್ನ ನೋಡಿ ಹಸಿರು ಅಂದೇದ ಇದು,” ಮೇಡಂ ಕನ್ನಡಕ ತೆಗೆದರು. “ನಿದ್ದಿ ಮಾಡೋರ ತಲಿನೂ ಇಷ್ಟು ಸುಮ್ಮ ಇರೂದಿಲ್ಲ ನೀಲಾ. ನನ್ನ ಗಂಡನ ತಲಿನೂ ಇಷ್ಟು ಸುಮ್ಮ ಇರೂದಿಲ್ಲ.”

ನೀಲಾ ನಗಲಿಲ್ಲ. ಮೇಡಂ ಕೂಡ ನಗಿಸಲು ಹೇಳಿರಲಿಲ್ಲ.

ಸುಳಿವನ್ನು ಪರೀಕ್ಷೆಯ ಪೆಟ್ಟಿಗೆಯಲ್ಲಿಟ್ಟು ಹುಸಿ ಕಂಪನ ಕೊಟ್ಟು ನೋಡಿದರು. ಹಳದಿ. ಮತ್ತೆ ಕೊಟ್ಟರು. ಹಳದಿ, ಜೀರುಂಡೆ ಸದ್ದು. ಇಪ್ಪತ್ತು ಸಲವೂ ಸರಿಯಾಗಿ ಕೂಗಿತು.

“ಪದರ ಸರಿ ಐತ್ರಿ ಮೇಡಂ!”

“ಅದೇ ನನಗ ಹೆದರಿಕಿ. ಪೂರಾ ಸತ್ತಿದ್ರ ಬದಲಿ ಹಾಕಬಹುದಿತ್ತು. ಒಮ್ಮೆ ಸಾಯ್ತದ, ಒಮ್ಮೆ ಏಳ್ತದ ಅಂದ್ರ ಅದನ್ನ ಹೆಂಗ ನಂಬೋದು?” ಮೇಡಂ ದನಿ ತಗ್ಗಿಸಿದರು. “ಇದರ ಸಂಗಾತಿನೇ ನೀ ಮಾಡಿದ ಹದಿನಾಲ್ಕು ಪದರ ಹದಿನಾಲ್ಕು ಮಕ್ಕಳ ಕಿವಿಯಾಗ ಅವ. ನಾಳೆ ಹತ್ತು ಗಂಟೆಯೊಳಗ ಕಾರಣ ಸಿಗಲಿಲ್ಲಂದ್ರ ಎಲ್ಲಾ ವಾಪಸ್ ತರಸ್ತೀನಿ. ನಿನ್ನ ಮಗಳದ್ದೂ.”

ನೀಲಾಳ ಕಣ್ಣ ಮುಂದೆ ಸೈಕಲ್ಲು ಬಂತು, ಓಣಿ ಬಂತು, ಶಾಲೆಯ ಮೆಟ್ಟಿಲು ಬಂದವು. ಒಂದೊಂದಾಗಿ ಕದ ಮುಚ್ಚಿದವು. ತನ್ನ ಕೈಯ ಕೆಲಸದಲ್ಲೇ ಎಲ್ಲೋ ಊನವಿದ್ದರೆ? ಹದಿನಾಲ್ಕು ವರ್ಷ ಗಲೀಜಿಗೆ ಹೊಗಳಿಸಿಕೊಂಡವಳು ಒಂದು ದಿನ ನಿಜವಾಗಿಯೂ ಗಲೀಜು ಮಾಡಿದ್ದರೆ? ಅವಳು ರಿಜಿಸ್ಟರಿಗೆ ಸಹಿ ಹಾಕಿ, ಕೈಯಲ್ಲಿ ಹಿಡಿಯುವ ಮೀಟರನ್ನು ಸುಳಿವಿನ ಜೊತೆ ಚೀಲಕ್ಕೆ ಹಾಕಿಕೊಂಡಳು. “ಮನ್ಯಾಗ ಅಕಿ ತಲಿಗೇ ಹಚ್ಚಿ ನೋಡ್ತೀನ್ರಿ. ಇಲ್ಲಿ ಸರಿ ಇದ್ದದ್ದು ಅಲ್ಲಿ ಯಾಕ ಸುಮ್ಮ ಆಗ್ತೈತಿ?”

ಮಧ್ಯಾಹ್ನ ನಾಲ್ಕು ಗಂಟೆ. ಚನ್ನಬಸವ್ವ ಪಡಸಾಲೆಯಲ್ಲಿ ಮೊರದಲ್ಲಿ ಹೆಸರುಕಾಳು ಹರವಿಕೊಂಡು ಹರಳು ಆರಿಸುತ್ತಿದ್ದರು. ನೀಲಾ ಸುಳಿವನ್ನು ಖಣದ ಪಟ್ಟಿಯ ಕಿಸೆಯಲ್ಲಿ ಕೂರಿಸಿ ಮಗಳ ತಲೆಗೆ ಕಟ್ಟಿದಳು. ಲ್ಯಾಬು ಕೊಟ್ಟ ಪ್ಲಾಸ್ಟಿಕ್ ಪಟ್ಟಿ ಕಿವಿ ಕೆರೆಸುತ್ತದೆ ಅಂತ ಅತ್ತೆಯೇ ತಮ್ಮ ಹಳೆಯ ಕುಪ್ಪಸದ ಖಣದಿಂದ ಎರಡು ಪಟ್ಟಿ ಹೊಲಿದುಕೊಟ್ಟಿದ್ದರು. ಮೊದಲನೆಯದು ತೊಳೆದು ತೊಳೆದು ಹರಿದಿತ್ತು. ಇದು ಹೊಸದು. ನೀಲಾ ಮೀಟರಿನ ತಂತಿ ಸಿಕ್ಕಿಸಿ ನೋಡಿದಳು. ಗೆರೆ ಚಪ್ಪಟೆ.

“ನಗು,” ಅಂದಳು ಮಗಳಿಗೆ.

“ಯಾಕ?”

“ಸುಮ್ಮ ನಗಬಾರದೇನು? ಹೋಗಲಿ, ಹದಿನೇಳರ ಮಗ್ಗಿ ಹೇಳು.”

“ನನಗ ಬರಂಗಿಲ್ಲ.”

“ಬರದಿದ್ದರೂ ಹೇಳು.”

ಶ್ರಾವಣಿ ಹದಿನೇಳೆರಡಲೆ ಮೂವತ್ತಾರು ಅಂದಳು. ಚನ್ನಬಸವ್ವ ಮೊರದ ಮೇಲಿಂದ ತಲೆಯೆತ್ತದೆ, “ನಿಮ್ಮಪ್ಪನೂ ಹಿಂಗ ಹೇಳತಿದ್ದ,” ಅಂದರು. ಮಗು ಕಿಲಕಿಲ ನಕ್ಕಳು. ಗೆರೆ ಮಾತ್ರ ಕಲ್ಲಿನ ಮೇಲೆ ಕೊರೆದ ಹಾಗೆ ಅಲುಗಲಿಲ್ಲ. ನಗುವ ಮಗುವಿನ ತಲೆಯೊಳಗೆ ಏನೂ ನಡೆಯುತ್ತಿಲ್ಲ ಅನ್ನುತ್ತಿತ್ತು ಆ ಗೆರೆ.

“ಪಟ್ಟಿಗೆ ರಕ್ತ ಆಗೈತಲ್ಲ, ಬಿಚ್ಚಿ ಕೊಡ ಇಲ್ಲೆ. ಒಣಗಿದ್ರ ಕಲಿ ಹೋಗಂಗಿಲ್ಲ, ನೆನಿ ಹಾಕ್ತೀನಿ,” ಅಂದರು ಅತ್ತೆ.

ನೀಲಾ ಸುಳಿವನ್ನು ಕಿಸೆಯಿಂದ ಜಾರಿಸಿ ಬೆರಳಲ್ಲೇ ಕಿವಿಯ ಹಿಂದೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಪಟ್ಟಿ ಬಿಚ್ಚಿ ಚಾಚಿದಳು. ಕೈ ದೂರ ಹೋದದ್ದೇ ತಡ, ಮೀಟರಿನ ಗೆರೆ ಮೀನಿನಂತೆ ಜಿಗಿಯಿತು.

ತಂತಿ ಸಡಿಲಾಯಿತೇನೋ ಅಂದುಕೊಂಡು ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಪಟ್ಟಿಯನ್ನು ಮತ್ತೆ ಹತ್ತಿರ ತಂದಳು. ಗೆರೆ ಸತ್ತಿತು. ದೂರ ಒಯ್ದಳು. ತುಳುಕಿತು. ಮೂರು ಸಲ ಹಾಗೆ ಮಾಡಿದಳು. ಮೂರನೆಯ ಸಲ ಅವಳ ಹೆಬ್ಬೆರಳು ಹೊಲಿಗೆಯ ಮಡಿಕೆಯಲ್ಲಿ ಏನೋ ಗಟ್ಟಿಯಾದದ್ದನ್ನು ತಡವಿತು.

ಮೊರದಲ್ಲಿ ಕಾಳು ಸರಿಯುವ ಸದ್ದು ನಿಂತಿತ್ತು.

“ಅತ್ತಿ, ಇದರಾಗ ಏನೈತಿ?”

ನೀಲಾ ಹಲ್ಲಿನಿಂದ ಹೊಲಿಗೆ ಕಿತ್ತಳು. ಅರಳೆಯಲ್ಲಿ ಸುತ್ತಿದ, ಎರಡು ಅಂಗುಲದ ದಬ್ಬಣದ ತುಂಡೊಂದು ಹೊರಗೆ ಬಂತು. ಗೋಣಿಚೀಲ ಹೊಲಿಯುವ ಉಕ್ಕಿನ ದಬ್ಬಣ.

“ಮೊನಿ ಕಲ್ಲಿಗೆ ತಿಕ್ಕಿ ತಗದೀನಿ,” ಅಂದರು ಚನ್ನಬಸವ್ವ ಅವಸರವಾಗಿ. “ಚುಚ್ಚಂಗಿಲ್ಲ. ನನ್ನ ಕೂಸಿಗೆ ಚುಚ್ಚೂದನ್ನ ನಾ ಇಡ್ತೀನೇನು?”

ನೀಲಾ ಗೋಡೆಯ ಕಡೆ ನೋಡಿದಳು. ಮೊಳೆಗೆ ತೂಗುಹಾಕಿದ, ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತ ದುಂಡನೆಯ ಅಯಸ್ಕಾಂತ. ಸೂಜಿ ಕಳೆಯಬಾರದೆಂದು ಮಾವ ಬದುಕಿದ್ದಾಗ ಅದನ್ನು ಹೆಂಡತಿಗೆ ಮಾಡಿಕೊಟ್ಟಿದ್ದರು. ಮೂವತ್ತು ವರ್ಷಗಳಿಂದ ಆ ಮನೆಯ ಸೂಜಿ, ದಬ್ಬಣ, ಪಿನ್ನು ಎಲ್ಲ ಅದಕ್ಕೇ ಅಂಟಿಕೊಂಡಿದ್ದವು. ಮೂವತ್ತು ವರ್ಷ ಅಂಟಿಕೊಂಡ ಉಕ್ಕು ತಾನೇ ಅಯಸ್ಕಾಂತವಾಗದೆ ಇರುತ್ತದೆಯೇ? ದಬ್ಬಣವನ್ನು ಮೀಟರಿನ ತಿರುಪಿಗೆ ತಾಗಿಸಿದಳು. ಟಕ್ಕನೆ ಹಿಡಿದುಕೊಂಡಿತು.

ಅವಳು ಅಲ್ಲೇ ನೆಲಕ್ಕೆ ಕೂತಳು. ಬೈಯಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ದಬ್ಬಣವನ್ನು ನೆಲದ ಮೇಲೆ ಇಟ್ಟಳು.

“ನನ್ನ ತಮ್ಮ ಶಂಕ್ರ್ಯಾ,” ಅಂದರು ಮುದುಕಿ, ಕಾಳು ನೋಡುತ್ತ. “ಬಾವಿ ಕಟ್ಟಿ ಮ್ಯಾಲ ಕುಂತಾಗ ಅವಗೂ ಹಿಂಗ ಬಂತು. ನಾ ಬಟ್ಟಿ ಹಿಂಡಾಕತ್ತಿದ್ದೆ. ಕೀಲಿ ಮನ್ಯಾಗ ಬಿಟ್ಟು ಬಂದಿದ್ದೆ. ಕೈಯಾಗ ಒಂದು ಕಬ್ಬಿಣ ಇದ್ದಿದ್ರ ಬೀಳ್ತಿರಲಿಲ್ಲಂತ ನಮ್ಮವ್ವ ಸಾಯೂತನಕ ನನಗ ಅಂದ್ಲು.” ಆಮೇಲೆ ತಲೆಯೆತ್ತಿ, “ಇದನ್ನ ಇಟ್ಟ ಮ್ಯಾಲ ಹನ್ನೊಂದು ದಿನ ಅದು ಕೂಗಲಿಲ್ಲಲ್ಲ ನೀಲವ್ವ? ನೀನ ಖುಷಿಪಟ್ಟಿ. ನಾನೂ ಮನಸಿನಾಗ ದೇವರಿಗೆ ಹಣಿ ನೆಲಕ್ಕ ಹಚ್ಚಿದೆ,” ಅಂದರು.

ಅದು ನಿಜವಾಗಿತ್ತು. ಹನ್ನೊಂದು ದಿನ ಹಸಿರು ಕಂಡು ನೀಲಾ ಕೂಡ ಒಮ್ಮೆಯೂ ಮೀಟರು ಹಚ್ಚಿ ನೋಡಿರಲಿಲ್ಲ. ಗೆರೆ ಅಲುಗದಿದ್ದರೆ ಹಸಿರು ಅಂತ ನಿಯಮ ಬರೆದ ದಿನ ಅವಳೂ ಆ ಸಭೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಳು.

“ಜ್ವಾಳದ ಹೊಲಕ್ಕ ಗಾಳಿ ಬಂದ್ರ ತೆನಿ ಹೊಯ್ದಾಡ್ತಾವಲ್ಲ ಅತ್ತಿ, ಇದರೊಳಗೂ ಹಂಗ. ಅವು ಹೊಯ್ದಾಡೂದು ನೋಡಿ ನಮಗ ಸುದ್ದಿ ಗೊತ್ತಾಗ್ತೈತಿ. ಈ ದಬ್ಬಣ ಬಾಜೂಕ ಕುಂತು ಎಲ್ಲಾ ತೆನಿ ಜಗ್ಗಿ ಹಿಡದು ನಿಲ್ಲಸೇತಿ. ಗಾಳಿ ಬರೂದು ನಿಂತಿಲ್ಲ. ನಮಗ ಕಾಣೂದು ನಿಂತೈತಿ.”

ಚನ್ನಬಸವ್ವ ತಿಳಿದುಕೊಂಡರು. ಅವರ ಕಣ್ಣು ಮೆಲ್ಲಗೆ ಅಗಲವಾದದ್ದನ್ನು ನೋಡಿದರೆ ಗೊತ್ತಾಗುತ್ತಿತ್ತು. “ಹಂಗಾದ್ರ ಈ ಹನ್ನೊಂದು ದಿನದಾಗ...”

“ಒಂದಿನ ಮುಂಜಾನೆ ಎದ್ದಾಗ ನಾಲಿಗಿ ಕಚ್ಚಿತ್ತು,” ಅಂದಳು ಶ್ರಾವಣಿ. ಇಬ್ಬರೂ ಅವಳ ಕಡೆ ತಿರುಗಿದರು. “ತಲಿದಿಂಬಿಗೂ ಒಂಚೂರು ರಕ್ತ ಆಗಿತ್ತು. ನಾ ಹೊಳ್ಳಿಸಿ ಇಟ್ಟೆ.”

“ಯಾಕವ್ವಾ ಹೇಳಲಿಲ್ಲ?”

“ಹಸಿರು ಇತ್ತಲ್ಲ.”

ನೀಲಾ ಮಗಳನ್ನು ಎಳೆದು ಎದೆಗೆ ಒತ್ತಿಕೊಂಡಳು. ಮಗುವಿಗೆ ಉಸಿರು ಕಟ್ಟಿ, “ಬಿಡ ಅವ್ವಾ,” ಅನ್ನುವ ತನಕ ಬಿಡಲಿಲ್ಲ.

ಫೋನಿನಲ್ಲಿ ಇನಾಮದಾರ ಮೇಡಂ, “ಏನಂದಿ? ದಬ್ಬಣ?” ಅಂತ ಎರಡು ಸಲ ಕೇಳಿದರು. ನಗು ಉಕ್ಕಿ ಬಂದದ್ದು ಅರ್ಧಕ್ಕೇ ನಿಂತಿತು. “ಎಷ್ಟು ಮಂದಿ ಡಾಕ್ಟರೇಟ್ ಮಾಡಿದವರು ಕೂತು ಬರದಿದ್ವಿ ನೀಲಾ. ಸುಮ್ಮ ಇದ್ರ ಹಸಿರು. ಕಿವುಡು ಆದ್ರ ಯಾವ ಬಣ್ಣ ಅಂತ ಯಾರೂ ಕೇಳಲಿಲ್ಲ. ನಿನ್ನ ಪದರ ಸರಿ ಅದ. ನಮ್ಮ ದೀಪ ತಪ್ಪು ಅದ.” ಹದಿನಾಲ್ಕು ಮನೆಗೂ ಈಗಲೇ ಫೋನು ಮಾಡಿಸುವುದಾಗಿ, ಕೂದಲಿಗೆ ಯಾವ ಪಿನ್ನು, ಕೊರಳಲ್ಲಿ ಯಾವ ತಾಯಿತ, ಎಲ್ಲ ಕೇಳಿಸುವುದಾಗಿ ಹೇಳಿದರು. “ಗೆರಿ ಪೂರಾ ಸತ್ತರ ಕೆಂಪು ದೀಪ. ನಾಳೆ ಮೊದಲ ಕೆಲಸ ಅದು. ನಿನ್ನ ಅತ್ತಿಯವರಿಗೆ ಬೈಬ್ಯಾಡ ಮತ್ತ.”

“ಇಲ್ರಿ,” ಅಂದಳು ನೀಲಾ.

ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತು. ಶ್ರಾವಣಿ ಅಜ್ಜನ ಹಳೆಯ ಧೋತರದಿಂದ ಹರಿದ ಬಿಳಿಯ ಅಂಚಿನಲ್ಲಿ ಸುಳಿವು ಕಟ್ಟಿಕೊಂಡು ಪಡಸಾಲೆಯಲ್ಲಿ ಚಿತ್ರ ಬರೆಯುತ್ತಿದ್ದಳು. ಜೀರುಂಡೆ ಕೂಗಿತು.

ಹಳದಿ.

ಮೂವರೂ ತಲೆಯೆತ್ತಿದರು. ಹನ್ನೆರಡು ದಿನದ ಮೇಲೆ ಮನೆಯಲ್ಲಿ ಕೇಳಿದ ಸದ್ದು. ಬರಬಾರದಾಗಿತ್ತು ಅನ್ನುವ ಸಂಕಟ, ಬಂದದ್ದನ್ನು ಹೇಳಿತಲ್ಲ ಅನ್ನುವ ಸಮಾಧಾನ, ಎರಡೂ ನೀಲಾಳಿಗೆ ಒಟ್ಟಿಗೇ ಆದವು. ಆಮೇಲೆ ಕೈಗಳು ತಾವೇ ಕೆಲಸಕ್ಕೆ ಇಳಿದವು. ಪೆನ್ಸಿಲ್ ತೆಗೆದಿಟ್ಟಳು, ಚಾಪೆ ಹಾಸಿದಳು, ಮೇಜನ್ನು ದೂರ ಸರಿಸಿದಳು, ಮಗಳನ್ನು ಎಡಮಗ್ಗುಲಿಗೆ ಮಲಗಿಸಿ ತಲೆಯಡಿ ಮೆತ್ತನೆಯ ಅರಿವೆ ಇಟ್ಟಳು. ಚನ್ನಬಸವ್ವನ ಕೈ ಸೊಂಟದ ಕೀಲಿಗೆ ಹೋಯಿತು. ಅಲ್ಲೇ ನಿಂತಿತು. ಅವರು ಕೀಲಿಗೊಂಚಲು ಬಿಚ್ಚಿ ದೂರದ ಮೂಲೆಗೆ ಸರಿಸಿ, ಬರಿಗೈಯಲ್ಲಿ ಬಂದು ಮೊಮ್ಮಗಳ ಪಾದದ ಹತ್ತಿರ ಕೂತರು.

“ನಾ ಏನ ಮಾಡ್ಲಿ ಈಗ?” ಅಂದರು.

“ಏನಿಲ್ಲ ಅತ್ತಿ. ಇಲ್ಲೇ ಕೂಡ್ರಿ.”

ಗಡಿಯಾರ ನೋಡಿದರೆ ಒಂದು ನಿಮಿಷ ಕೂಡ ಕಳೆದಿರಲಿಲ್ಲ. ಎಂಟು ತಿಂಗಳಲ್ಲಿ ಪ್ರತಿ ಸಲವೂ ಆ ಮೂರು ನಿಮಿಷ ಓಡಾಟದಲ್ಲಿ, ಕೂಗಾಟದಲ್ಲಿ, ಫೋನಿನಲ್ಲಿ ಮುಗಿದುಹೋಗುತ್ತಿತ್ತು. ಇನ್ನು ಎರಡು ನಿಮಿಷ ಹೀಗೆ ಖಾಲಿ ಉಳಿಯುತ್ತದೆಂದು ನೀಲಾಳಿಗೆ ಗೊತ್ತೇ ಇರಲಿಲ್ಲ. ಅವಳು ಮಗಳ ಪಕ್ಕ ತಾನೂ ಚಾಪೆಯ ಮೇಲೆ ಒರಗಿದಳು. ದೀಪ ಮಗುವಿನ ತಲೆಯ ಆಚೆ ಬದಿಗಿತ್ತು, ಕಾಣುತ್ತಿರಲಿಲ್ಲ. ಎದುರಿಗೆ ಮುಖವಿತ್ತು. ಪ್ಲಾಸ್ಟರ್ ಅಂಟಿದ ಹುಬ್ಬು, ತುಟಿಯ ಮೇಲೆ ಪೆನ್ಸಿಲಿನ ಕಪ್ಪು, ತನ್ನನ್ನೇ ನೋಡುತ್ತಿದ್ದ ಎರಡು ಕಣ್ಣು. ಎಷ್ಟು ದಿನದಿಂದ ಈ ಕಣ್ಣು ಹೀಗೆ ಕಾಯುತ್ತಿದ್ದವೋ.

“ಮುಂಜಾನೆ ಏನೋ ಕೇಳಬೇಕಂದಿದ್ದಿ,” ಅಂದಳು ನೀಲಾ.

ಶ್ರಾವಣಿ ಅಜ್ಜಿಯ ಕಡೆ ಕಣ್ಣು ಹೊರಳಿಸಿದಳು. ಚನ್ನಬಸವ್ವ ಬಾಯಿಗೆ ಬೆರಳು ಇಡಲಿಲ್ಲ. ಮೊಮ್ಮಗಳ ಪಾದ ಸವರುತ್ತ, “ಕೇಳ ನನ್ನವ್ವಾ,” ಅಂದರು.

ಮಗು ಅವ್ವನ ಬೆರಳು ಹಿಡಿದುಕೊಂಡಳು. ಹಿಡಿತ ಇನ್ನೂ ಅವಳದ್ದೇ ಆಗಿತ್ತು.

“ಅದು ಬಂದಾಗ ನೀವೆಲ್ಲಾ ಇಲ್ಲೇ ಇರ್ತೀರಿ,” ಅಂದಳು. “ನಾ ಎಲ್ಲಿ ಹೋಗಿರ್ತೀನಿ, ಅವ್ವಾ?”